ಕಾನೂನಿಗೂ ಮೊದಲಿನ ಊರು: 'ಡೆಡ್‌ವುಡ್' ಧಾರಾವಾಹಿಯ ಅಕಾಲಿಕ ಮುಕ್ತಾಯ

ಅವಧಿಗೆ ಮುನ್ನವೇ ನಿಂತುಹೋದ ಧಾರಾವಾಹಿಗಳ ಬಗ್ಗೆ ಅಭಿಮಾನಿಗಳ ಅಳಲು ಸಾಮಾನ್ಯವಾಗಿ ಒಂದೇ: ಕಥೆ ಮುಗಿಯಲಿಲ್ಲ. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2004ರ ಮಾರ್ಚ್‌ನಿಂದ 2006ರ ಆಗಸ್ಟ್‌ವರೆಗೆ ಮೂರು ಸೀಸನ್‌ಗಳ 36 ಕಂತುಗಳಲ್ಲಿ ಬಂದ 'ಡೆಡ್‌ವುಡ್' ಬಗ್ಗೆಯೂ ಈ ಮಾತು ಕೇಳಿಬರುತ್ತಲೇ ಇದೆ. ಕಥೆಯ ಎಳೆಗಳನ್ನು ಎಣಿಸಿ ಇಂಥ ನಷ್ಟವನ್ನು ಅಳೆಯಲಾಗದು; ಕೃತಿ ಎತ್ತಿಕೊಂಡ ಪ್ರಶ್ನೆಯನ್ನು ಕೊನೆಮುಟ್ಟಿಸಲು ಅದಕ್ಕೆ ಅವಕಾಶ ಸಿಕ್ಕಿತೇ ಎಂದು ನೋಡಬೇಕು. ಡೇವಿಡ್ ಮಿಲ್ಚ್ ರೂಪಿಸಿದ ಈ ಧಾರಾವಾಹಿ ಎತ್ತಿಕೊಂಡದ್ದು ಎರಡು ಪ್ರಶ್ನೆ. ಕಾನೂನೇ ಇಲ್ಲದ ಜಾಗದಲ್ಲಿ ಕಟ್ಟುಪಾಡು ಹುಟ್ಟುವುದು ಹೇಗೆ? ಹಾಗೆ ಹುಟ್ಟಿದ್ದು ದೊಡ್ಡ ಬಂಡವಾಳ ಕಾಲಿಟ್ಟ ಮೇಲೆ ಏನಾಗುತ್ತದೆ? ಮೊದಲನೆಯದಕ್ಕೆ ಉತ್ತರ ದೊರೆತಿದೆ. ಎರಡನೆಯದು ಬಿಸಿಯೇರುವ ಹೊತ್ತಿಗೆ ತೆರೆ ಬಿತ್ತು.

ಈ ಪ್ರಶ್ನೆಗಳಿಗೆ ಡೆಡ್‌ವುಡ್‌ನಷ್ಟು ಒದಗುವ ಊರು ಸಿಗುವುದು ಕಷ್ಟ. 1868ರ ಫೋರ್ಟ್ ಲಾರಮಿ ಒಪ್ಪಂದದಂತೆ ಬ್ಲ್ಯಾಕ್ ಹಿಲ್ಸ್ ಬೆಟ್ಟಸೀಮೆ ಸೂ ಜನಾಂಗಕ್ಕೆ ಸೇರಿದ್ದು. 1874ರಲ್ಲಿ ಸೇನಾಧಿಕಾರಿ ಕಸ್ಟರ್‌ನ ದಂಡಯಾತ್ರೆ ಅಲ್ಲಿ ಚಿನ್ನವಿದೆಯೆಂದು ಸಾರಿದ ಮೇಲೆ ಜನ ನುಗ್ಗಿದರು. 1876ರಲ್ಲಿ ತಲೆಯೆತ್ತಿದ ಡೆಡ್‌ವುಡ್ ಆದ್ದರಿಂದ ಅಮೆರಿಕದ ಕಾನೂನಿನ ಲೆಕ್ಕದಲ್ಲೇ ಅಕ್ರಮ ಬಿಡಾರ. ಆ ವರ್ಷ ಆಗಸ್ಟ್ 2ರಂದು ಹೆಸರಾಂತ ಪಿಸ್ತೂಲುಗಾರ ವೈಲ್ಡ್ ಬಿಲ್ ಹಿಕಾಕ್‌ನನ್ನು ಕೊಂದ ಜ್ಯಾಕ್ ಮಕ್‌ಕಾಲ್‌ನನ್ನು ಗಣಿಗಾರರ ಪಂಚಾಯಿತಿ ನಿರ್ದೋಷಿ ಎಂದು ಬಿಟ್ಟುಬಿಟ್ಟಿತು. ಅವನನ್ನು ಡಕೋಟಾ ಪ್ರಾಂತ್ಯದ ರಾಜಧಾನಿ ಯಾಂಕ್‌ಟನ್‌ನಲ್ಲಿ ಮತ್ತೆ ವಿಚಾರಣೆಗೆ ಒಳಪಡಿಸಿ 1877ರ ಮಾರ್ಚ್ 1ರಂದು ಗಲ್ಲಿಗೇರಿಸಿದರು. ಒಂದೇ ಅಪರಾಧಕ್ಕೆ ಎರಡು ವಿಚಾರಣೆ ಕೂಡದೆಂಬ ನಿಯಮ ಅಡ್ಡ ಬರಲಿಲ್ಲ, ಏಕೆಂದರೆ ಮೊದಲನೆಯದನ್ನು ನಡೆಸಲು ಡೆಡ್‌ವುಡ್‌ನಲ್ಲಿ ಯಾರಿಗೂ ಅಧಿಕಾರವೇ ಇರಲಿಲ್ಲ. ಮಿಲ್ಚ್ ಮೊದಲು ಎಚ್‌ಬಿಒ ಮುಂದಿಟ್ಟದ್ದು ನೀರೋ ಕಾಲದ ರೋಮ್‌ನ ಕಾವಲುಗಾರರ ಕಥೆ. ವಾಹಿನಿಯ ಕೈಯಲ್ಲಿ ಆಗಲೇ 'ರೋಮ್' ಎಂಬ ಧಾರಾವಾಹಿ ಇದ್ದುದರಿಂದ ಅವನು ಅದೇ ವಿಚಾರವನ್ನು ಚಿನ್ನದ ಬಿಡಾರಕ್ಕೆ ಸಾಗಿಸಿದ. ಎಂದರೆ ವೆಸ್ಟರ್ನ್ ಎಂಬ ಪ್ರಕಾರ ಇಲ್ಲಿ ಉದ್ದೇಶವಲ್ಲ, ನಿಮಿತ್ತ.

ಹಾಗಾಗಿಯೇ ಈ ಪ್ರಕಾರದ ನಾಯಕನಾಗಬೇಕಿದ್ದ ಹಿಕಾಕ್ ನಾಲ್ಕನೆಯ ಕಂತಿನಲ್ಲೇ ಸಾಯುತ್ತಾನೆ. ಪಿಸ್ತೂಲಿನವನು ಹೋದ ಜಾಗಕ್ಕೆ ಬರುವುದು ಸಭೆ. ಸಿಡುಬು ಹಬ್ಬಿದಾಗ ಅಲ್ ಸ್ವೆರೆಂಜನ್ ತನ್ನ ಜೆಮ್ ಸಲೂನಿನಲ್ಲಿ ಊರ ಪ್ರಮುಖರನ್ನು ಸೇರಿಸುತ್ತಾನೆ. ಇವನು ವೇಶ್ಯಾಗೃಹ ನಡೆಸುವವನು, ಕೊಲೆಗೂ ಹೇಸದವನು. ಲಸಿಕೆ ತರಲು ಸವಾರರನ್ನು ಕಳಿಸುವುದು, ರೋಗಿಗಳಿಗೆ ಡೇರೆ ಹಾಕುವುದು, ಜನ ಬೆದರದಂತೆ ಮೆರಿಕ್‌ನ ಪತ್ರಿಕೆಯಲ್ಲಿ ಸುದ್ದಿ ಬರೆಸುವುದು, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತದೆ. ಮೇಜಿನ ಮೇಲೆ ಆಳು ತಂದಿಟ್ಟ ಡಬ್ಬಿಯ ಪೀಚ್ ಹಣ್ಣು. ಮುಂದಿನ ಸಭೆಗಳಲ್ಲೂ ಆ ಹಣ್ಣು ಹಾಜರಾಗುತ್ತದೆ. ಯಾರೂ ಬರೆಯದ ನಡಾವಳಿಯೊಂದು ಹೀಗೆ ನಗೆ ಹುಟ್ಟಿಸುತ್ತಲೇ ರೂಢಿಗೆ ಬೀಳುತ್ತದೆ. ಕೆಲವು ಕಂತುಗಳ ನಂತರ ಇದೇ ಗುಂಪು ಪುರಸಭೆಯಾಗಿ, ಹೋಟೆಲಿನ ಫಾರ್ನಮ್ ಮೇಯರ್ ಆಗುತ್ತಾನೆ. ಇದರ ಹಿಂದೆ ಆದರ್ಶವೇನೂ ಇಲ್ಲ. ಬಿಡಾರ ಸರ್ಕಾರದ ವಶವಾಗುವಾಗ ತಮ್ಮ ಗಣಿಹಕ್ಕು ರದ್ದಾಗದಿರಲಿ ಎಂಬ ಚಿಂತೆ, ಅಷ್ಟೆ. ಸ್ವಾರ್ಥವೇ ಸಂಸ್ಥೆಯಾಗುವ ಈ ಬಗೆಯನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಬೇರೆ ವೆಸ್ಟರ್ನ್ ಇಲ್ಲವೆಂದೇ ನನ್ನ ಎಣಿಕೆ.

ಎರಡನೆಯ ಪ್ರಶ್ನೆಯನ್ನು ತರುವವನು ಗಣಿ ಉದ್ಯಮಿ ಜಾರ್ಜ್ ಹರ್ಸ್ಟ್. ಇತಿಹಾಸದ ಹರ್ಸ್ಟ್ 1877ರಲ್ಲಿ ಹೋಮ್‌ಸ್ಟೇಕ್ ಗಣಿಯನ್ನು ಕೊಂಡವನು. ಧಾರಾವಾಹಿಯ ಹರ್ಸ್ಟ್‌ಗೆ ಊರೆಂದರೆ ಅದಿರಿನ ಮೇಲೆ ಕುಳಿತ ಅಡಚಣೆ. ತನ್ನ ಮೇಲೆ ಗುಂಡು ಹಾರಿಸಿದ, ಹಿಂದೆ ಜೆಮ್ ಸಲೂನಿನಲ್ಲಿದ್ದ ಟ್ರಿಕ್ಸಿಯ ಹೆಣ ಬೇಕೆಂದು ಅವನು ಹಟ ಹಿಡಿದಾಗ, ಅವಳನ್ನು ಉಳಿಸಲು ಸ್ವೆರೆಂಜನ್ ಅವಳನ್ನು ಹೋಲುವ ಜೆನ್ ಎಂಬ ನಿರಪರಾಧಿ ಹುಡುಗಿಯನ್ನು ಕೊಲ್ಲುತ್ತಾನೆ. ಕೊನೆಯ ದೃಶ್ಯದಲ್ಲಿ ಅವನು ಮಂಡಿಯೂರಿ ನೆಲದ ರಕ್ತ ಉಜ್ಜುತ್ತಿದ್ದಾನೆ. ಇದಕ್ಕಿಂತ ತಕ್ಕ ಮುಕ್ತಾಯ ಬೇರೆ ಬೇಕೇ ಎಂದು ಕೆಲವರು ಕೇಳುತ್ತಾರೆ. ದೃಶ್ಯ ಸಮರ್ಥವಾದುದೇ, ಅನುಮಾನವಿಲ್ಲ. ಆದರೆ ಅದು ಸೋಲಿನ ಮೊದಲ ಕಂತು ಮಾತ್ರ. ಕಟ್ಟಿದ ಪುರಸಭೆ, ಬ್ಯಾಂಕು, ಪತ್ರಿಕೆಗಳು ಗಣಿಯೊಡೆಯನ ನೆರಳಲ್ಲಿ ಬದುಕುವುದು ಹೇಗೆಂಬುದನ್ನು ನಾವು ಕಾಣುವುದಿಲ್ಲ.

ಧಾರಾವಾಹಿ ನಿಲ್ಲಿಸಿದ್ದನ್ನು ಸಮರ್ಥಿಸುವ ಖರ್ಚಿನ ವಾದ ಇನ್ನೂ ಗಟ್ಟಿಯಾದದ್ದು. ಮೆಲೊಡಿ ರ‍್ಯಾಂಚ್‌ನಲ್ಲಿ ಊರನ್ನೇ ನಿಲ್ಲಿಸಿದ ಸೆಟ್, ದೊಡ್ಡ ತಾರಾಗಣ, ಚಿತ್ರೀಕರಣದ ದಿನವೂ ಸಂಭಾಷಣೆ ತಿದ್ದುವ ಮಿಲ್ಚ್‌ನ ಕ್ರಮ, ಇವೆಲ್ಲ ದುಬಾರಿಯಾಗಿದ್ದವು. ಲಾಭವನ್ನು ಪ್ಯಾರಾಮೌಂಟ್ ಜೊತೆ ಹಂಚಿಕೊಳ್ಳಬೇಕಿತ್ತು. ಮೂರನೆಯ ಸೀಸನ್ ತೆರೆಗೆ ಬರುವ ಮೊದಲೇ ಎಚ್‌ಬಿಒ ನಟರ ಕರಾರಿನ ಗಡುವು ಮೀರಲು ಬಿಟ್ಟಿತು. ಆರು ಕಂತುಗಳ ಚಿಕ್ಕ ಸೀಸನ್‌ಗೆ ಮಿಲ್ಚ್ ಒಪ್ಪಲಿಲ್ಲ. ಬದಲಿಗೆ ಮಾತಾಗಿದ್ದ ಎರಡು ಚಿತ್ರಗಳು ಆಗ ತಯಾರಾಗಲಿಲ್ಲ. ವಾಹಿನಿಯನ್ನೇ ಹರ್ಸ್ಟ್ ಎಂದು ಕರೆಯುವುದು ಸುಲಭ, ಆದರೆ ಅದು ಅಗ್ಗದ ಹೋಲಿಕೆ: ಇಷ್ಟೊಂದು ಬೈಗುಳ, ಇಷ್ಟು ಸುತ್ತುಬಳಸಿನ ವಾಕ್ಯಗಳನ್ನು ತೆರೆಗೆ ತರಲು ಬಿಟ್ಟದ್ದೂ ಅದೇ ವಾಹಿನಿ. ತಪ್ಪು ಹಣ ಎಣಿಸಿದ್ದರಲ್ಲಿಲ್ಲ, ಎಣಿಕೆಯನ್ನು ಆ ವರ್ಷಕ್ಕೇ ನಿಲ್ಲಿಸಿದ್ದರಲ್ಲಿದೆ. 13 ವರ್ಷಗಳ ನಂತರ, 2019ರಲ್ಲಿ, ಅದೇ ಎಚ್‌ಬಿಒ ಕಥೆಯನ್ನು ಮುಂದುವರಿಸುವ ಚಲನಚಿತ್ರವನ್ನು ತೆರೆಗೆ ತಂದಿತು. ಅಷ್ಟರಲ್ಲಿ ಸೈ ಟೋಲಿವರ್ ಪಾತ್ರದ ಪವರ್ಸ್ ಬೂತ್ ತೀರಿಕೊಂಡಿದ್ದ, ಮಿಲ್ಚ್‌ಗೆ ಅಲ್ಝೈಮರ್ ಕಾಯಿಲೆ ಇತ್ತು.

ಗಂಭೀರ ಆಕ್ಷೇಪ ಬೇರೊಂದಿದೆ. ಯಾರ ನೆಲದ ಮೇಲೆ ಈ ನಾಟಕವೆಲ್ಲ ನಡೆಯಿತೋ ಸೂ ಜನಾಂಗದ ಆ ಲಕೋಟಾ ಜನರು ಇಲ್ಲಿ ಬಹುತೇಕ ಮೂಕರು. ಸ್ವೆರೆಂಜನ್ ಮನಬಿಚ್ಚಿ ಮಾತಾಡುವುದು ಪೆಟ್ಟಿಗೆಯಲ್ಲಿಟ್ಟ ಒಬ್ಬ ಮುಖಂಡನ ಕತ್ತರಿಸಿದ ತಲೆಯೊಂದಿಗೆ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನೆಲಕ್ಕೆ ಪರಿಹಾರ ಕೊಡಬೇಕೆಂದಾಗ, ನೆಲವೇ ಬೇಕೆಂದು ಹಣವನ್ನು ನಿರಾಕರಿಸಿದವರು ಅವರು. ನಾಲ್ಕನೆಯ ಸೀಸನ್ ಈ ಕೊರತೆಯನ್ನು ತುಂಬುತ್ತಿತ್ತೆಂದು ನಂಬಲು ಆಧಾರವಿಲ್ಲ, ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ.

2019ರ ಚಿತ್ರ ಕೊರತೆ ತುಂಬಿತಲ್ಲ ಎನ್ನುವವರಿಗೂ ಉತ್ತರ ಕೊಡಬೇಕು. ಅದು ನಡೆಯುವುದು ಈ ಊರಿರುವ ದಕ್ಷಿಣ ಡಕೋಟಾ ರಾಜ್ಯವಾದ 1889ರಲ್ಲಿ. ಹರ್ಸ್ಟ್ ಸೆನೆಟರ್ ಆಗಿ ಮರಳಿ, ದೂರವಾಣಿ ಕಂಬಗಳಿಗಾಗಿ ಹಿಕಾಕ್ ಗೆಳೆಯ ಚಾರ್ಲಿ ಅಟರ್‌ನ ಜಮೀನಿನ ಮೇಲೆ ಕಣ್ಣು ಹಾಕುತ್ತಾನೆ. ಹಳೆಯ ಮುಖಗಳನ್ನು ಮತ್ತೆ ಕಾಣುವ ಸುಖ ದೊಡ್ಡದೇ. ಆದರೆ ನಡುವಿನ ದಶಕವನ್ನು ಚಿತ್ರ ಒಂದೇ ನೆಗೆತಕ್ಕೆ ದಾಟುತ್ತದೆ. ಆ ದಶಕದಲ್ಲೇ, 1879ರ ಸೆಪ್ಟೆಂಬರ್ 26ರಂದು, ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ ಸುಮಾರು 300 ಕಟ್ಟಡಗಳನ್ನು ಸುಟ್ಟಿತು, ಮರದ ಊರು ಇಟ್ಟಿಗೆ-ಕಲ್ಲಿನದಾಯಿತು. ಯಾರ ದುಡ್ಡಿನಲ್ಲಿ, ಯಾರ ಷರತ್ತಿಗೆ ಒಪ್ಪಿ ಅದನ್ನು ಮರುಕಟ್ಟಿದರು ಎಂಬುದು ಪೀಚ್ ಹಣ್ಣಿನ ಆ ಸಭೆಯಲ್ಲೇ ಚರ್ಚೆಗೆ ಬರಬೇಕಿದ್ದ ವಿಷಯ.