ಇ-ಸಿಗರೇಟಿನ ಸುಟ್ಟ ರುಚಿ

ಇ-ಸಿಗರೇಟಿನ ಅಟೊಮೈಜರ್ ಎಂಬ ಭಾಗದಲ್ಲಿ ದ್ರವವು ಆವಿಯಾಗುವ ಬದಲು ಅತಿಯಾದ ಶಾಖದಿಂದ ವಿಘಟನೆಗೊಂಡಾಗ ಸೇದುವವರ ನಾಲಿಗೆ ಮತ್ತು ಗಂಟಲಿಗೆ ತಗಲುವ ಕಹಿ, ಘಾಟು ಅನುಭವವನ್ನು ಸುಟ್ಟ ರುಚಿ ಎನ್ನಲಾಗುತ್ತದೆ. ತಂತಿ ಮತ್ತು ಬತ್ತಿಯನ್ನು ಬಳಕೆದಾರರೇ ಬದಲಿಸುವ, ಮರುಜೋಡಣೆಯ ಅಟೊಮೈಜರ್‌ಗಳಲ್ಲಿ ಈ ದೋಷ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇದು ರುಚಿಯ ಕೆಡುಕು ಮಾತ್ರವಲ್ಲ; ಆವಿಯಲ್ಲಿ ವಿಷಕಾರಿ ಆಲ್ಡಿಹೈಡ್‌ಗಳು ಉಂಟಾಗಿರುವುದರ ಸೂಚನೆಯೂ ಹೌದು. ಭಾರತದಲ್ಲಿ ಇ-ಸಿಗರೇಟುಗಳ ಮತ್ತು ಅವುಗಳ ಬಿಡಿಭಾಗಗಳ ತಯಾರಿಕೆ, ಆಮದು ಹಾಗೂ ಮಾರಾಟವನ್ನು 2019ರಿಂದ ನಿಷೇಧಿಸಲಾಗಿದೆ.

ರಚನೆ

ಅಟೊಮೈಜರ್‌ನಲ್ಲಿ ಸುರುಳಿಯಾಗಿ ಸುತ್ತಿದ ಲೋಹದ ತಂತಿ, ಅದರೊಳಗೆ ತೂರಿಸಿದ ಹತ್ತಿಯ ಬತ್ತಿ ಮತ್ತು ದ್ರವದ ಸಂಗ್ರಹ ಇರುತ್ತವೆ. ತಂತಿಯು ಸಾಮಾನ್ಯವಾಗಿ ನಿಕ್ರೋಮ್, ತುಕ್ಕುರಹಿತ ಉಕ್ಕು, ಅಥವಾ ಕಬ್ಬಿಣ, ಕ್ರೋಮಿಯಂ ಮತ್ತು ಅಲ್ಯೂಮಿನಿಯಂಗಳ ಮಿಶ್ರಲೋಹವಾದ ಕಾಂಥಾಲ್‌ನದ್ದಾಗಿರುತ್ತದೆ. ಬ್ಯಾಟರಿಯ ವಿದ್ಯುತ್ತು ಹರಿದಾಗ ತಂತಿ ಕಾಯುತ್ತದೆ. ಬತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ. ದ್ರವದ ಮುಖ್ಯ ಅಂಶಗಳು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಇವುಗಳ ಕುದಿಯುವ ಬಿಂದುಗಳು ಕ್ರಮವಾಗಿ ಸುಮಾರು 188 ಮತ್ತು 290 ಡಿಗ್ರಿ ಸೆಲ್ಸಿಯಸ್. ಇವುಗಳ ಜೊತೆಗೆ ಸುವಾಸನೆಯ ಪದಾರ್ಥಗಳೂ ಬಹುತೇಕ ನಿಕೋಟಿನ್ ಕೂಡ ಸೇರಿರುತ್ತವೆ.

ದ್ರವ ಆವಿಯಾಗುತ್ತಿರುವವರೆಗೆ ಆ ಆವಿಯೇ ತಂತಿಯ ಶಾಖವನ್ನು ಕೊಂಡೊಯ್ಯುತ್ತದೆ. ಬತ್ತಿ ಒಣಗಿದೊಡನೆ ತಂತಿಯ ಉಷ್ಣತೆ ಏಕಾಏಕಿ ಏರುತ್ತದೆ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಕರಿಕಾಗುವುದು ಇದೇ ತತ್ತ್ವದಿಂದ. ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ಆಲೆಮನೆಗಳಲ್ಲಿ ಕಬ್ಬಿನ ಹಾಲು ಜೋನಿ ಬೆಲ್ಲವಾಗುವ ಕೊನೆಯ ಹಂತದಲ್ಲಿ ಕೊಪ್ಪರಿಗೆಯ ಬೆಂಕಿಯನ್ನು ತಗ್ಗಿಸುವುದರ ಹಿಂದೆಯೂ ಇದೇ ಎಚ್ಚರಿಕೆಯಿದೆ: ನೀರಿನಂಶ ಕಡಿಮೆಯಾದಂತೆ ತಳ ಬೇಗ ಸೀಯುತ್ತದೆ.

ಕಾರಣಗಳು

ದ್ರವವು ಬತ್ತಿಯನ್ನು ತಲುಪುವ ವೇಗಕ್ಕಿಂತ ಅದು ಆವಿಯಾಗುವ ವೇಗ ಹೆಚ್ಚಾಗುವುದೇ ಸುಟ್ಟ ರುಚಿಯ ಮೂಲ ಕಾರಣ. ಇದು ಹಲವು ರೀತಿಗಳಲ್ಲಿ ಸಂಭವಿಸುತ್ತದೆ.

• ಹೊಸ ಬತ್ತಿಯು ಪೂರ್ತಿ ನೆನೆಯುವ ಮೊದಲೇ ತಂತಿಯನ್ನು ಕಾಯಿಸುವುದು, ಅಥವಾ ಸಂಗ್ರಹದಲ್ಲಿ ದ್ರವ ಮುಗಿದಿರುವುದು.
• ಹತ್ತಿಯನ್ನು ಸುರುಳಿಯೊಳಗೆ ಅತಿ ಬಿಗಿಯಾಗಿ ತುರುಕುವುದು. ಆಗ ದ್ರವದ ಹರಿವು ನಿಲ್ಲುತ್ತದೆ. ಹತ್ತಿ ಅತಿ ಕಡಿಮೆಯಾದರೆ ತಂತಿಗೆ ತಾಗದೆ ಉಳಿದು, ಆ ಭಾಗ ಒಣಗಿಯೇ ಕಾಯುತ್ತದೆ.
• ಸುರುಳಿಯ ಸುತ್ತುಗಳು ಅಸಮವಾಗಿರುವುದು. ವಿದ್ಯುತ್ತು ಒಂದೆಡೆ ಹೆಚ್ಚು ಶಾಖ ಉಂಟುಮಾಡಿ ಅಲ್ಲಿನ ಹತ್ತಿ ಸೀಯುತ್ತದೆ.
• ತಂತಿಯ ರೋಧಕ್ಕೆ ಮೀರಿದ ವಿದ್ಯುತ್ ಶಕ್ತಿಯನ್ನು ಹರಿಸುವುದು.
• ಗ್ಲಿಸರಿನ್ ಹೆಚ್ಚಿರುವ ದಪ್ಪನೆಯ ದ್ರವ. ಇದು ಬತ್ತಿಯಲ್ಲಿ ನಿಧಾನವಾಗಿ ಏರುತ್ತದೆ.
• ಬಿಡುವಿಲ್ಲದೆ ಮೇಲಿಂದ ಮೇಲೆ ಸೇದುವುದು.
• ಸುಕ್ರಲೋಸ್‌ನಂತಹ ಸಿಹಿಕಾರಕಗಳು ತಂತಿಯ ಮೇಲೆ ಕಪ್ಪು ಪದರವಾಗಿ ಕಟ್ಟಿಕೊಳ್ಳುವುದು.

ದೋಷವನ್ನು ಗುರುತಿಸುವ ಕ್ರಮವೂ ಇದನ್ನೇ ಅನುಸರಿಸುತ್ತದೆ. ಎಲ್ಲ ದ್ರವಗಳಲ್ಲೂ ಸುಟ್ಟ ರುಚಿ ಬಂದರೆ ದೋಷ ತಂತಿ ಅಥವಾ ಬತ್ತಿಯದು. ಒಂದೇ ದ್ರವದಲ್ಲಿ ಬಂದರೆ ಆ ದ್ರವದ್ದು. ವಿದ್ಯುತ್ ಶಕ್ತಿಯನ್ನು ತಗ್ಗಿಸಿದಾಗ ನಿಂತರೆ ಶಾಖದ್ದು. ಒಮ್ಮೆ ಕರಿಕಾದ ಹತ್ತಿಯು ಮತ್ತೆ ದ್ರವದಲ್ಲಿ ನೆನೆದರೂ ಸುಟ್ಟ ವಾಸನೆಯನ್ನು ಬಿಡುವುದಿಲ್ಲ.

ರಾಸಾಯನಿಕ ಪರಿಣಾಮ

ಅತಿ ಶಾಖಕ್ಕೆ ಗ್ಲಿಸರಿನ್ ನೀರಿನ ಅಣುಗಳನ್ನು ಕಳೆದುಕೊಂಡು ಅಕ್ರೋಲಿನ್ ಆಗುತ್ತದೆ. ಬಾಣಲೆಯಲ್ಲಿ ಎಣ್ಣೆ ಮಿತಿಮೀರಿ ಕಾದಾಗ ಕಣ್ಣು, ಮೂಗು ಉರಿಸುವ ಹೊಗೆಯಲ್ಲಿರುವುದೂ ಇದೇ ವಸ್ತು. ಇದರೊಂದಿಗೆ ಫಾರ್ಮಾಲ್ಡಿಹೈಡ್ ಮತ್ತು ಅಸಿಟಾಲ್ಡಿಹೈಡ್ ಉಂಟಾಗುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ.

2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು, 3.3 ವೋಲ್ಟ್‌ನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟ್‌ನಲ್ಲಿ ಪತ್ತೆಯಾದುದನ್ನು ವರದಿ ಮಾಡಿದರು. ಅಷ್ಟು ಶಾಖದಲ್ಲಿ ಸುಟ್ಟ ರುಚಿ ಬರುವುದರಿಂದ ಯಾರೂ ಸೇದಲಾರರು ಎಂಬ ಆಕ್ಷೇಪವನ್ನು ಅದೇ ವರ್ಷ ಬೇರೆ ಸಂಶೋಧಕರು ಎತ್ತಿದರು. ಆದರೆ ಸುಟ್ಟ ರುಚಿ ಇಲ್ಲದಿರುವುದು ನಿರಪಾಯಕ್ಕೆ ಪ್ರಮಾಣವಲ್ಲ. ನಿಕೋಟಿನ್ ಚಟ ಹಿಡಿಸುವ ವಸ್ತು. ಬಿಸಿ ತಂತಿಯಿಂದ ನಿಕ್ಕಲ್, ಕ್ರೋಮಿಯಂನಂತಹ ಲೋಹಗಳ ಕಣಗಳು ಆವಿಗೆ ಸೇರುವುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಬತ್ತಿಯನ್ನು ಬದಲಿಸುವುದರಿಂದ ರುಚಿ ಸರಿಹೋಗಬಹುದು. ಈ ಹಾನಿಗಳು ಇಲ್ಲವಾಗುವುದಿಲ್ಲ.

ಕಾನೂನು

ಕರ್ನಾಟಕ ಸರ್ಕಾರವು 2016ರಲ್ಲಿಯೇ ಇ-ಸಿಗರೇಟುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಕಾಯಿದೆಯಾಗಿಸಿತು. ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಈ ಕಾಯಿದೆ ಅನ್ವಯವಾಗುತ್ತದೆ. ನಿಷೇಧವು ಪೂರ್ಣ ಸಾಧನಕ್ಕೂ ಅದರ ಯಾವುದೇ ಭಾಗಕ್ಕೂ ಸಂಬಂಧಿಸಿರುವುದರಿಂದ ಬಿಡಿಬಿಡಿಯಾಗಿ ಮಾರುವ ಅಟೊಮೈಜರ್‌ಗಳೂ ಅದರ ವ್ಯಾಪ್ತಿಗೆ ಬರುತ್ತವೆ. ತಯಾರಿಕೆ, ಮಾರಾಟ ಮತ್ತು ಜಾಹೀರಾತಿನ ಮೊದಲ ಅಪರಾಧಕ್ಕೆ 1 ವರ್ಷದವರೆಗಿನ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧ ಮರುಕಳಿಸಿದರೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವಿದೆ. ದಾಸ್ತಾನು ಇರಿಸಿದವರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ 50,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.

ತಂಬಾಕು ಅಥವಾ ನಿಕೋಟಿನ್ ಚಟವನ್ನು ಬಿಡಬಯಸುವವರಿಗೆ 1800-112-356 ಎಂಬ ರಾಷ್ಟ್ರೀಯ ಉಚಿತ ದೂರವಾಣಿ ಸೇವೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಸೇವೆಯ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದಾಗಿದೆ.