ಕಾಲೇಜು ಶ್ರೇಯಾಂಕಗಳು ನಡೆದು ಬಂದ ದಾರಿ

ನಾನು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ್ದು 1979ರಲ್ಲಿ. ಮುಂದೆ ಎಲ್ಲಿ ಓದುವುದು ಎಂದಾಗ ನಮ್ಮಪ್ಪ ಕೇಳಿದ್ದು ಎರಡೇ ಪ್ರಶ್ನೆ: ಬೆಳಗಿನ ಬಸ್ಸು ಎಷ್ಟು ಗಂಟೆಗೆ? ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆಯೇ? ರ‍್ಯಾಂಕ್ ಎಂದರೆ ಆಗ ಮಕ್ಕಳಿಗೆ ಬರುವುದು. ಕಾಲೇಜಿಗೂ ರ‍್ಯಾಂಕ್ ಇರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮುಂದೆ ನಾನು ಉಪನ್ಯಾಸಕನಾದೆ. 2018ರಲ್ಲಿ ನಮ್ಮೂರಿನ ರೈತರೊಬ್ಬರು, ಇದೇ ಶಾಲೆಯಲ್ಲಿ ಓದಿ ಪಿಯುಸಿ ಮುಗಿಸಿದ್ದ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಕೈಯಲ್ಲಿ ಪತ್ರಿಕೆಯ ತುಣುಕಿತ್ತು. "ಮೇಷ್ಟ್ರೇ, ಇದರಲ್ಲಿ ಮೇಲಿರೋ ಕಾಲೇಜಿಗೇ ಸೇರಿಸ್ತೀನಿ, ಸಾಲ ಆದ್ರೂ ಚಿಂತೆಯಿಲ್ಲ" ಎಂದರು. ನಾನು ಪಟ್ಟಿ ನೋಡಿ, "ಒಳ್ಳೇದು, ಸೇರಿಸಿ" ಎಂದುಬಿಟ್ಟೆ. ಅಲ್ಲಿ ಹಾಸ್ಟೆಲ್ ಸಿಗಲಿಲ್ಲ. ಕೋಣೆಯ ಬಾಡಿಗೆ, ಊಟದ ಖರ್ಚು ಹೊರಲಾಗಲಿಲ್ಲ. ದಸರಾ ರಜೆಗೆ ಬಂದ ಹುಡುಗ ತಿರುಗಿ ಹೋಗಲಿಲ್ಲ. ನಮ್ಮಪ್ಪ ಕೇಳಿದ್ದ ಪ್ರಶ್ನೆಗಳನ್ನು ನಾನು ಕೇಳಿರಲಿಲ್ಲ. ಈ ಪಟ್ಟಿಗಳು ಎಲ್ಲಿಂದ ಬಂದವು ಎಂದು ಓದಲು ತೊಡಗಿದ್ದು ಆಮೇಲೆ.

ಅಮೆರಿಕದಲ್ಲಿ ಕ್ಯಾಟೆಲ್ ಎಂಬ ಮನಶ್ಶಾಸ್ತ್ರಜ್ಞ 1910ರಲ್ಲಿ ವಿಶ್ವವಿದ್ಯಾಲಯಗಳನ್ನು ಸಾಲಾಗಿ ಜೋಡಿಸಿದರು. ಅವರು ಎಣಿಸಿದ್ದು ಅಲ್ಲಿದ್ದ ಹೆಸರಾಂತ ವಿಜ್ಞಾನಿಗಳನ್ನು. 1983ರಲ್ಲಿ ಅದೇ ದೇಶದ 'ಯು.ಎಸ್. ನ್ಯೂಸ್' ವಾರಪತ್ರಿಕೆ ಕಾಲೇಜುಗಳ ಅಧ್ಯಕ್ಷರ ಅಭಿಪ್ರಾಯ ಕೇಳಿ ಪಟ್ಟಿ ಪ್ರಕಟಿಸಿತು. 2003ರಲ್ಲಿ ಚೀನಾದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯ, ತಮ್ಮ ದೇಶದ ವಿಶ್ವವಿದ್ಯಾಲಯಗಳು ಜಗತ್ತಿನಲ್ಲಿ ಎಲ್ಲಿ ನಿಂತಿವೆ ಎಂದು ತಿಳಿಯಲು ನೊಬೆಲ್ ಪ್ರಶಸ್ತಿಗಳನ್ನೂ ಸಂಶೋಧನಾ ಪ್ರಬಂಧಗಳನ್ನೂ ಲೆಕ್ಕ ಹಾಕಿತು. ಒಬ್ಬೊಬ್ಬರು ಒಂದೊಂದು ಉದ್ದೇಶಕ್ಕೆ ಅಳೆದರು. ಹಳ್ಳಿಯ ಹುಡುಗ ಎಲ್ಲಿ ಸೇರಬೇಕು ಎಂಬುದು ಅವುಗಳಲ್ಲಿ ಯಾವುದರ ಪ್ರಶ್ನೆಯೂ ಆಗಿರಲಿಲ್ಲ.

ನಮ್ಮ ಕೇಂದ್ರ ಸರ್ಕಾರ ಎನ್‌ಐಆರ್‌ಎಫ್ ಎಂಬ ವ್ಯವಸ್ಥೆಯನ್ನು 2015ರಲ್ಲಿ ಆರಂಭಿಸಿತು. 2016ರ ಮೊದಲ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಪೈಕಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಸ್ಥಾನ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪದವಿ ಕಾಲೇಜುಗಳ ಪಟ್ಟಿ 2017ರಲ್ಲಿ ಬಂತು. ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ ನೂರಕ್ಕೆ 30 ಅಂಕ ಬೋಧನೆ ಮತ್ತು ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ವಿದ್ಯಾರ್ಥಿಗಳ ಫಲಿತಾಂಶಕ್ಕೆ, 10 ಎಲ್ಲ ವರ್ಗದವರನ್ನೂ ಒಳಗೊಳ್ಳುವುದಕ್ಕೆ, 10 ಹೊರಗಿನವರ ಅಭಿಪ್ರಾಯಕ್ಕೆ. ಆ ಒಳಗೊಳ್ಳುವ 10ರಲ್ಲಿ ಮಹಿಳೆಯರು, ಬಡ ಮಕ್ಕಳು ಲೆಕ್ಕಕ್ಕೆ ಬರುತ್ತಾರೆ. ಬೇರೆ ರಾಜ್ಯಗಳಿಂದ ಬಂದವರೂ ಬರುತ್ತಾರೆ. ಸುತ್ತಲಿನ ಹಳ್ಳಿಗಳ ಮಕ್ಕಳನ್ನೇ ಸೇರಿಸಿಕೊಳ್ಳುವ ತಾಲ್ಲೂಕು ಕಾಲೇಜಿಗೆ ಈ ಕೊನೆಯ ಅಂಶದಲ್ಲಿ ಅಂಕ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಲೆಕ್ಕದ ಬಹುಪಾಲು ಅಂಕಿ ಅಂಶಗಳನ್ನು ಕೊಡುವುದು ಸಂಸ್ಥೆಗಳೇ. 2022ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಕೊಟ್ಟ ಅಂಕಿಗಳನ್ನು ಅಲ್ಲಿನ ಗಣಿತ ಪ್ರಾಧ್ಯಾಪಕರೇ ಪ್ರಶ್ನಿಸಿದರು. ಕೆಲವು ಅಂಕಿಗಳು ತಪ್ಪೆಂದು ಸಂಸ್ಥೆಯೂ ಒಪ್ಪಿತು. ಎರಡನೆಯ ಸ್ಥಾನದಲ್ಲಿದ್ದದ್ದು ಹದಿನೆಂಟಕ್ಕೆ ಇಳಿಯಿತು. ಪಾಠ ಮಾಡುವವರು ಅವರೇ, ತರಗತಿಗಳೂ ಅವೇ.

ಹಾಗೆಂದು ಪಟ್ಟಿಯನ್ನು ಎಸೆಯಬೇಕಿಲ್ಲ. ಕೇಳರಿಯದ ಒಳ್ಳೆಯ ಕಾಲೇಜುಗಳ ಹೆಸರು ಅದರಿಂದ ತಿಳಿಯುತ್ತದೆ. ಅಧ್ಯಾಪಕರೆಷ್ಟು, ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು ಎಂಬ ವಿವರವೂ ಎನ್‌ಐಆರ್‌ಎಫ್ ಜಾಲತಾಣದಲ್ಲಿ ಸಿಗುತ್ತದೆ. ಸ್ಥಾನಕ್ಕಿಂತ ಆ ವಿವರ ಓದಿ. ಮೂರನೆಯದಕ್ಕೂ ಹತ್ತನೆಯದಕ್ಕೂ ಇರುವ ಅಂತರಕ್ಕೆ ಜಮೀನು ಅಡವಿಡಬೇಡಿ. ಬೇಕಾದ ವಿಷಯ ಅಲ್ಲಿದೆಯೇ, ಒಟ್ಟು ಖರ್ಚೆಷ್ಟು, ಹಾಸ್ಟೆಲ್ ಖಚಿತವೇ, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ಕೇಳಿ. ಅಲ್ಲೇ ಓದುತ್ತಿರುವ ನಮ್ಮೂರ ಕಡೆಯ ಮಕ್ಕಳನ್ನು ಮಾತಾಡಿಸಿ.

ಆ ಹುಡುಗ ಮರುವರ್ಷ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಸೇರಿ ಬಿ.ಎಸ್ಸಿ. ಮುಗಿಸಿದ, ಬಿ.ಎಡ್. ಕೂಡ ಮಾಡಿದ. ಸಿಕ್ಕಾಗಲೆಲ್ಲ ನಗುತ್ತಲೇ ಮಾತಾಡಿಸುತ್ತಾನೆ. ಆದರೂ ಒಂದು ವರ್ಷ ಹೋದದ್ದು ಹೋದದ್ದೇ. ಆ ಸಾಲ ತೀರಿಸಿದವರು ಅವನ ಅಪ್ಪ. ಈ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನನ್ನದೊಂದು ಕೋರಿಕೆ: ಪ್ರತಿ ವರ್ಷ ಫಲಿತಾಂಶ ಬಂದ ವಾರ ನಾವು ಹಳೆಯ ವಿದ್ಯಾರ್ಥಿಗಳು ಶಾಲೆಯ ಜಗಲಿಯಲ್ಲಿ ಒಂದು ದಿನ ಕೂರೋಣ. ಇಲ್ಲಿ ಓದಿ ಹೋದ ಮಕ್ಕಳು ಎಸ್ಸೆಸ್ಸೆಲ್ಸಿಯವರಾಗಲಿ, ಪಿಯುಸಿಯವರಾಗಲಿ, ತಂದೆ ತಾಯಿಯೊಡನೆ ಬರಲಿ. ಆ ಪ್ರಶ್ನೆಗಳನ್ನು ಅವರ ಜೊತೆ ಕೂತು ಕೇಳೋಣ. ಮೊದಲ ವರ್ಷ ನಾನು ಬಂದು ಕೂರುತ್ತೇನೆ.