ನೋಲನ್ ಲೂಯಿಸ್ ಮತ್ತು ಕ್ರಿಪ್ಟೋಸ್: ಕ್ಲಾಸಿಕ್ ಮೆಟಲ್‌ನತ್ತ ಮರಳಿದ ಹಾದಿ

ನೋಲನ್ ಲೂಯಿಸ್ ಬೆಂಗಳೂರಿನ ಹೆವಿ ಮೆಟಲ್ ತಂಡ ಕ್ರಿಪ್ಟೋಸ್‌ನ ಗಾಯಕ ಮತ್ತು ಗಿಟಾರ್ ವಾದಕ. ಗಣೇಶ್ ಕೃಷ್ಣಸ್ವಾಮಿಯವರ ಜೊತೆ 1998ರಲ್ಲಿ ಈ ತಂಡ ಕಟ್ಟಿದರು. ಮೊದಲೆರಡು ಆಲ್ಬಮ್‌ಗಳಾದ ‘ಸ್ಪೈರಲ್ ಅಸೆಂಟ್’ (2004), ‘ದಿ ಆರ್ಕ್ ಆಫ್ ಜೆಮಿನಿ’ (2008) ತಿರುವುಗಳು ತುಂಬಿದ, ಥ್ರ್ಯಾಶ್ ಎಂಬ ವೇಗದ ಮೆಟಲ್ ಶೈಲಿಯ ಬಿರುಸಿನ ರಚನೆಗಳು. ‘ಬರ್ನ್ ಅಪ್ ದಿ ಹೆವನ್ಸ್’ (2016), ‘ಆಫ್ಟರ್‌ಬರ್ನರ್’ (2019), ‘ಫೋರ್ಸ್ ಆಫ್ ಡೇಂಜರ್’ (2021), ‘ಡೆಸಿಮೇಟರ್’ (2024) ಬರುತ್ತಾ ಬರುತ್ತಾ ಹಾಡು ಚಿಕ್ಕದಾಯಿತು, ರಿಫ್ ನೇರವಾಯಿತು, ಪಲ್ಲವಿ ಕಿವಿಯಲ್ಲಿ ಉಳಿಯುವಂತಾಯಿತು. 1980ರ ದಶಕದ ಬ್ರಿಟಿಷ್ ಮತ್ತು ಜರ್ಮನ್ ಮೆಟಲ್‌ನ ಮೈಕಟ್ಟು ಇದು. ಈ ಬದಲಾವಣೆಯನ್ನು ಹಿಂದಕ್ಕೆ ಹೋದದ್ದೆಂದು ತಿಳಿಯುವುದು ಸರಿಯಲ್ಲ. ಲೂಯಿಸ್ ಅವರ ಕಂಠಕ್ಕೆ ಒಪ್ಪುವ ರೂಪ ಇಲ್ಲಿಯೇ ಸಿಕ್ಕಿತು.

ಇಂಥ ಮರಳುವಿಕೆಗೆ ಹೆಸರಾಂತ ನಿದರ್ಶನಗಳು ಇಂಗ್ಲೆಂಡಿನವು. ಜೂಡಾಸ್ ಪ್ರೀಸ್ಟ್ ಬಿಟ್ಟ ರಾಬ್ ಹಾಲ್‌ಫರ್ಡ್ 1998ರಲ್ಲಿ ‘ಟೂ’ ತಂಡದೊಂದಿಗೆ ಇಂಡಸ್ಟ್ರಿಯಲ್ ಶೈಲಿಯನ್ನೂ ಪ್ರಯತ್ನಿಸಿ, 2000ದ ‘ರೆಸರೆಕ್ಷನ್’ನಲ್ಲಿ ಹಳೆಯ ಮೆಟಲ್‌ಗೆ ಬಂದರು, 2003ರಲ್ಲಿ ಮೂಲ ತಂಡಕ್ಕೂ ಸೇರಿದರು. ಐರನ್ ಮೇಡನ್ ಬಿಟ್ಟಿದ್ದ ಬ್ರೂಸ್ ಡಿಕಿನ್‌ಸನ್ ಹಳೆಯ ಮೆಟಲ್‌ನಿಂದ ದೂರ ಸರಿದ ‘ಸ್ಕಂಕ್‌ವರ್ಕ್ಸ್’ (1996) ಆಲ್ಬಮ್ ಮಾಡಿದ ಮರುವರ್ಷವೇ ‘ಆಕ್ಸಿಡೆಂಟ್ ಆಫ್ ಬರ್ತ್’ ಮೂಲಕ ತಿರುಗಿದರು, 1999ರಲ್ಲಿ ತಂಡಕ್ಕೆ ವಾಪಸಾದರು. ‘ರೆಸರೆಕ್ಷನ್’ ಮತ್ತು ‘ಆಕ್ಸಿಡೆಂಟ್ ಆಫ್ ಬರ್ತ್’ ಎರಡಕ್ಕೂ ನಿರ್ಮಾಪಕ ರಾಯ್ ಝೀ. ಆದರೆ ಅವರಿಬ್ಬರೂ ಮರಳಿದ್ದು ತಾವೇ ಕಟ್ಟಿದ್ದ ಶೈಲಿಗೆ. ಲೂಯಿಸ್‌ಗೆ ಹಾಗೆ ಮರಳಲು ತಾವೇ ಕಟ್ಟಿದ ಶೈಲಿ ಇರಲಿಲ್ಲ. ಮಿಲೇನಿಯಂನಂಥ ತಂಡಗಳಿಂದ ಬೆಂಗಳೂರಿನಲ್ಲಿ ಮೆಟಲ್ ಬೇರೂರಿತ್ತು, ನಿಜ. ಆದರೂ ಕ್ರಿಪ್ಟೋಸ್ ಈ ಶೈಲಿಯನ್ನು ಬೇಕೆಂದೇ ಆರಿಸಿಕೊಳ್ಳಬೇಕಾಯಿತು.

ಈ ಶೈಲಿ ಲೂಯಿಸ್ ಅವರ ಕಂಠಕ್ಕೆ ಒಪ್ಪುತ್ತದೆ ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ಕ್ಲಾಸಿಕ್ ಮೆಟಲ್ ಎಂದರೆ ತಾರಸ್ಥಾಯಿಯಲ್ಲಿ ತೇಲುವ ಸ್ವಚ್ಛ ಕಂಠ. ಲೂಯಿಸ್ ಅವರದು ಗೊಗ್ಗರು ದನಿ, ಇದು ಹೇಗೆ ಕ್ಲಾಸಿಕ್? ಉತ್ತರ ಗಿಟಾರುಗಳಲ್ಲಿದೆ. ಲೂಯಿಸ್ ಮತ್ತು ರೋಹಿತ್ ಚತುರ್ವೇದಿ ಒಂದೇ ಸ್ವರಸಾಲನ್ನು ಜೋಡಿಯಾಗಿ ನುಡಿಸುವ ಕಡೆ ಒಬ್ಬರ ಬೆರಳು ಷಡ್ಜದಲ್ಲಿದ್ದರೆ ಇನ್ನೊಬ್ಬರದು ಗಾಂಧಾರದಲ್ಲಿ, ಅದೇ ಅಂತರ ಕಾಯ್ದುಕೊಂಡು ಎರಡೂ ಒಟ್ಟಿಗೆ ಏರಿ ಇಳಿಯುತ್ತವೆ. ಮಾಧುರ್ಯದ ಹೊಣೆಯನ್ನು ಗಿಟಾರುಗಳು ಹೊತ್ತಾಗ ಕಂಠ ಮಾತಿನ ಲಯವನ್ನಷ್ಟೇ ಹಿಡಿದರೆ ಸಾಕು. ದನಿ ಪೆಡಸಾಗಿದ್ದಷ್ಟೂ ಆ ಜೋಡಿನಾದ ಎದ್ದು ಕೇಳುತ್ತದೆ. ರಚನೆ ಸಂಕೀರ್ಣವಾಗಿದ್ದ ಮೊದಲ ಆಲ್ಬಮ್‌ಗಳಲ್ಲಿ ಗೊಗ್ಗರು ದನಿಗೆ ಇಷ್ಟು ಬಿಡುವು ಇರಲಿಲ್ಲ.

ಯುರೋಪಿನ ಮಾರುಕಟ್ಟೆಗೆ ಬೇಕಾದ ಹಳೆಯ ನೆನಪನ್ನು ತಂಡ ಮಾರಿತು ಎಂಬ ಮಾತೂ ಬರಬಹುದು. ಕಾಲಕ್ರಮ ಇದನ್ನು ಒಪ್ಪುವುದಿಲ್ಲ. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ತಂಡದ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ ಹೊರತಂದದ್ದು 2012ರಲ್ಲಿ, ಅಲ್ಲಿನ ವಾಕನ್ ಮೆಟಲ್ ಉತ್ಸವದಲ್ಲಿ ತಂಡ ನುಡಿಸಿದ್ದು 2013ರಲ್ಲಿ. ಆಗಿನ್ನೂ ಥ್ರ್ಯಾಶ್‌ನ ಹಳೆಯ ದಾರಿ ಪೂರ್ತಿ ಬಿಟ್ಟಿರಲಿಲ್ಲ. ಯುರೋಪಿನ ಬಾಗಿಲು ತೆರೆದ ಮೇಲೆಯೇ ಹಾಡು ಸರಳವಾದದ್ದು, ಅದನ್ನು ತೆರೆಸಲೆಂದು ಅಲ್ಲ.